ಅಕ್ಕ ಹೊಗಳಿದ ಫೋನು

ಜನವರಿ 8

ಅಕ್ಕಾ,

ಈ ಕಾಗದದ ಜೊತೆ ಬಂದಿರುವ ಪೆಟ್ಟಿಗೆಯನ್ನು ಕತ್ತರಿ ಹಾಕಿ ಸೀಳಬೇಡ. ನಿನ್ನ ಕೈಗೆ ಕತ್ತರಿ ಸಿಕ್ಕರೆ ಏನಾಗುತ್ತದೆ ಅಂತ ನನ್ನ ಶಾಲೆಯ ಚಡ್ಡಿಗಳಿಗೆ ಗೊತ್ತು. ಪಕ್ಕದಲ್ಲೊಂದು ಪಟ್ಟಿಯಿದೆ, ಮೆಲ್ಲಗೆ ಎಳೆದರೆ ತೆರೆದುಕೊಳ್ಳುತ್ತದೆ. ಒಳಗಿರುವುದು ನಮ್ಮ ಕಂಪನಿಯ ಹೊಸ ಫೋನು. ಇನ್ನೂ ಯಾವ ಅಂಗಡಿಗೂ ಬಂದಿಲ್ಲ.

ಫೋನುಗಳ ಲೋಕದಲ್ಲಿ ಇರುವುದು ಎರಡೇ ಮನೆತನ. ಹೊರಗಿನ ಮೈ ಯಾರದ್ದೇ ಇರಲಿ, ಒಳಗೆ ಕೂತು ನಡೆಸುವ ಆಪರೇಟಿಂಗ್ ಸಿಸ್ಟಮ್ ಮಾತ್ರ ಆ ಇಬ್ಬರಲ್ಲಿ ಒಬ್ಬರದ್ದು. ನಾವು ಮೂರನೆಯದನ್ನು ಕಟ್ಟಿದ್ದೇವೆ. ಎರಡು ದೊಡ್ಡ ಬಸ್ಸು ಓಡಾಡುವ ದಾರಿಗೆ ಮೂರನೆಯದನ್ನು ಇಳಿಸಿದ ಹಾಗೆ. ಬಸ್ಸು ಚೆನ್ನಾಗಿದೆ, ಸೀಟು ಮೆತ್ತಗಿದೆ, ಹತ್ತುವವರು ಬೇಕಷ್ಟೆ.

ಹತ್ತುವವರ ಮನಸ್ಸು ತಿಳಿಯುವುದೇ ನಮ್ಮ ವಿಭಾಗದ ಕೆಲಸ. ನಾವು ಹನ್ನೆರಡು ಜನ. ಒಬ್ಬೊಬ್ಬರೂ ಹೊರಗಿನ ಒಬ್ಬರಿಗೆ ಫೋನು ಕೊಟ್ಟು ಅವರ ಅಭಿಪ್ರಾಯ ತರಿಸಬೇಕು. ಅದೂ ಕಾಗದದಲ್ಲಿ. ಫೋನಿನಲ್ಲೇ ಕೇಳಿದರೆ ಜನ ಐದು ನಕ್ಷತ್ರ ಒತ್ತಿ ತಪ್ಪಿಸಿಕೊಳ್ಳುತ್ತಾರೆ, ಪೆನ್ನು ಹಿಡಿದರೆ ನಿಜ ಹೊರಬೀಳುತ್ತದೆ ಅಂತ ನಮ್ಮ ಮೇಡಂ ನಂಬಿಕೆ. ನಾನು ನಿನ್ನನ್ನು ಆರಿಸಿಕೊಂಡೆ. ನಾನು ಫೋನ್ ಮಾಡಿದರೆ ನೀನು ಹೊಲಿಗೆ ಮಷಿನ್ ತುಳಿಯುತ್ತಾ ಬರೀ ‘ಹ್ಞೂಂ’ ಅನ್ನುತ್ತೀಯ. ಈ ನೆಪದಲ್ಲಾದರೂ ನಾಲ್ಕು ಮಾತು ಸಿಗಲಿ.

ಷರತ್ತು ಒಂದೇ. ನಿನ್ನ ಸಿಮ್ಮನ್ನು ಇದಕ್ಕೇ ಹಾಕಬೇಕು, ಹಳೇ ಫೋನು ಮುಟ್ಟಬಾರದು. ನಾವೂ ಹಾಗೇ, ಆಫೀಸಿನಲ್ಲಿ ಯಾರ ಜೇಬಿನಲ್ಲೂ ಬೇರೆ ಫೋನಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮಾರ್ಚಿನಲ್ಲಿ ದೊಡ್ಡವರ ಸಭೆ. ಈ ಹನ್ನೆರಡು ಮನೆಗಳಿಗೆ ಫೋನು ಹಿಡಿಸಿದರೆ ಮಾರುಕಟ್ಟೆಗೆ ಬರುತ್ತದೆ, ಹಿಡಿಸದಿದ್ದರೆ ಫೋನೂ ಇಲ್ಲ, ನಮ್ಮ ವಿಭಾಗವೂ ಇಲ್ಲ. ಹಿಂದಿನ ಕಂಪನಿ ಮುಚ್ಚಿದ ಮೇಲೆ ನಾನು ಹೇಗಿದ್ದೆ ಅಂತ ನೀನು ನೋಡಿದ್ದೀಯ. ಆ ವರ್ಷ ಮತ್ತೆ ಬೇಡ. ಆದರೂ ಇದ್ದದ್ದು ಇದ್ದ ಹಾಗೇ ಬರಿ.

ನಿನ್ನ ತಮ್ಮ

&nbsp;

ಜನವರಿ 19

ತಮ್ಮಾ,

ಪೆಟ್ಟಿಗೆ ಬಂತು. ಕತ್ತರಿ ಮುಟ್ಟಲಿಲ್ಲ. ಪಟ್ಟಿ ಎಳೆದೆ, ಪಟ್ಟಿ ಕಿತ್ತು ಕೈಗೇ ಬಂತು, ಆಮೇಲೆ ಕತ್ತರಿ ಮುಟ್ಟಿದೆ. ಇದನ್ನೂ ನಿಮ್ಮ ಮೇಡಂಗೆ ಹೇಳು.

ಫೋನು ಬಹಳ ಚೆನ್ನಾಗಿದೆ. ಬಣ್ಣ ಕಣ್ಣಿಗೆ ತಂಪು, ಬೆನ್ನು ಬೆರಳಿಗೆ ನುಣುಪು. ಸುಮಾರು ಸಲ ಒಗೆದು ಮೆತ್ತಗಾದ ನೀಲಿ ಶರಟಿನ ಬಣ್ಣ. ಆ ಬಣ್ಣ ಬೇಕೂಂದ್ರೂ ಅಂಗಡೀಲಿ ಸಿಗಲ್ಲ. ತೂಕಾನೂ ಹಿತ. ಬಾಗಿಲಿಂದ ಗಾಳಿ ಬಂದಾಗ ಅಳತೆ ಚೀಟಿಗಳ ಮೇಲೆ ಇಟ್ಟರೆ ಒಂದೂ ಹಾರಲ್ಲ. ಗಾಜಿನ ಮೇಲೆ ಬೆರಳಿನ ಗುರುತು ಬೀಳೋದೇ ಇಲ್ಲ. ಹಳೇದು ದಿನವಿಡೀ ಕಿರಿಕಿರಿ, ಇದು ಮಾತ್ರ ಮೌನದ ಮರಿ. ಇನ್ನು ಬ್ಯಾಟರಿ ಅಂದ್ರೆ ಬ್ಯಾಟರಿ. ಹೋದ ವಾರ ಚಾರ್ಜಿಗೆ ಹಾಕಿದ್ದು, ಇನ್ನೂ ಹಾಗೇ ತುಂಬಿದೆ.

ಅಂಗಡೀಲಿ ಕೆಲಸ ಇದೆ. ಈ ಕಾಲದಲ್ಲಿ ಹೊಸ ಬಟ್ಟೆ ಹೊಲಿಸೋರು ಕಡಿಮೆ. ಕೊಂಡ ಬಟ್ಟೆ ಬಿಗಿ ಆಯ್ತು, ಸಡಿಲ ಆಯ್ತು ಅಂತ ಬರೋರೇ ಎಲ್ಲ. ಮೊನ್ನೆ ಒಬ್ಬರು ಹೊಟ್ಟೆ ಕರಗಿಸ್ತೀನಿ, ಸೊಂಟ ಎರಡು ಬೆರಳು ಹಿಡಿದಿಡಿ ಅಂದರು. ಹಿಡಿದಿಟ್ಟು, ಒಳಗಡೆ ಬಟ್ಟೆ ಮಾತ್ರ ಕತ್ತರಿಸದೆ ಬಿಟ್ಟಿದೀನಿ.

ನಿಮ್ಮ ಭಾವ ಚೆನ್ನಾಗಿದಾರೆ. ಈಗ ಕಬ್ಬಿಣದಂಗಡಿ ಬೋರ್ಡು ಬರೀತಿದಾರೆ. ಹೆಸರು ಉದ್ದ, ಗೋಡೆ ಗಿಡ್ಡ, ಮಾಲೀಕರು ಮೊದ್ದ. ಒಂದು ಅಕ್ಷರಾನೂ ಚಿಕ್ಕದು ಮಾಡಬಾರದಂತೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಫೋನಿಗೇನೂ ಆಗಲ್ಲ.

ಅಕ್ಕ

&nbsp;

ಫೆಬ್ರವರಿ 2

ಅಕ್ಕಾ,

ನೀನೀಗ ನಮ್ಮ ಆಫೀಸಿನಲ್ಲಿ ದೊಡ್ಡ ಮನುಷ್ಯಳು. ಬ್ಯಾಟರಿಯ ಸಾಲು ಓದಿದಾಗ ಮೇಡಂ ಎದ್ದು ಹೋಗಿ ಅದನ್ನು ಬಿಳಿ ಬೋರ್ಡಿನ ಮೇಲೆ ಬರೆದರು. ಅಳಿಸಬಾರದು ಅಂತ ಪಕ್ಕದಲ್ಲಿ ಚೀಟಿಯನ್ನೂ ಅಂಟಿಸಿದರು. ಆ ಎರಡು ಮನೆತನದವರ ಫೋನುಗಳು ಸಂಜೆ ಹೊತ್ತಿಗೆ ಪ್ರಾಣ ಬಿಡುತ್ತವೆ. ನಮ್ಮದು ವಾರ ದಾಟಿದೆ ಅಂದರೆ ಸುಮ್ಮನೆ ಮಾತಲ್ಲ. ಬ್ಯಾಟರಿ ವಿಭಾಗದವರು ಮಾತ್ರ ಅಷ್ಟೊಂದು ಬರಬಾರದಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದಾರೆ. ಮಾಡಿದವರಿಗೇ ನಂಬಿಕೆಯಿಲ್ಲ, ನೋಡು.

ಉಳಿದವರ ಕಾಗದಗಳೂ ಒಳ್ಳೆಯವೇ. ನನ್ನ ಪಕ್ಕ ಕೂರುವ ಚಷ್ಮಾದವನ ಅತ್ತೆ ಇದು ಚಿನ್ನದಂಥ ಫೋನು ಅಂದಿದ್ದಾರೆ. ಇನ್ನೊಬ್ಬಳ ಅಣ್ಣ ಆ ಎರಡನ್ನೂ ಮರೆತೇಬಿಟ್ಟೆ ಅಂತ ಬರೆದಿದ್ದಾನೆ. ಮೇಡಂ ಅವರ ಯಜಮಾನರು ಆರು ಪುಟ ಹೊಗಳಿದ್ದಾರೆ. ಕೇಳಿ ಕೇಳಿ ನಮ್ಮ ಕಿವಿಯೇ ಚಾರ್ಜಾಗಿದೆ.

ಆದರೆ ಒಂದು ಪ್ರಶ್ನೆಗೆ ಯಾರೂ ಉತ್ತರ ಬರೆಯುತ್ತಿಲ್ಲ. ದಿನಾ ಯಾವ ಯಾವ ಆಪ್ ಬಳಸುತ್ತೀರಿ, ಯಾವುದು ನಮ್ಮಲ್ಲಿ ಸಿಗಲಿಲ್ಲ ಅನ್ನುವುದು. ನಮ್ಮ ಸಿಸ್ಟಮ್ ಹೊಸದು, ಆಪ್ ಮಾಡುವ ಕಂಪನಿಗಳೆಲ್ಲ ಇನ್ನೂ ನಮ್ಮ ಕಡೆ ತಿರುಗಿಲ್ಲ. ನಿನಗೇನಾದರೂ ಕೊರತೆ ಕಂಡಿದ್ದರೆ ತಿಳಿಸು.

ಇನ್ನೊಂದು ಸಂತೋಷದ ಸುದ್ದಿ, ಭಾವನವರಿಗೆ. ಫೋನು ಬಿಡುಗಡೆಯಾಗುವಾಗ ನಮ್ಮ ಕಟ್ಟಡದ ಹೊರಗೋಡೆಯ ಮೇಲೆ ಕೈಯಿಂದಲೇ ದೊಡ್ಡ ಚಿತ್ರ ಬರೆಸಬೇಕಂತೆ. ಮೂರು ಮಹಡಿ ಎತ್ತರ. ನಾನು ಭಾವನವರ ಹೆಸರು ಹೇಳಿಬಿಟ್ಟಿದ್ದೇನೆ. ಅವರ ಅಕ್ಷರ ನೋಡಿದ ಮೇಲೆ ಬೇರೆಯವರ ಹೆಸರು ಬಾಯಿಗೆ ಬರಬೇಕಲ್ಲ. ಬಂದು ನಮ್ಮ ಮನೆಯಲ್ಲೇ ಇರಲಿ.

ತಮ್ಮ

&nbsp;

ಫೆಬ್ರವರಿ 12

ತಮ್ಮಾ,

ಬೋರ್ಡಿನ ಮೇಲೆ ಬರೆಯೋ ಅಂಥದ್ದು ನಾನೇನೂ ಹೇಳಿರಲಿಲ್ಲ. ಅಳಿಸಿದರೂ ನಡೆಯುತ್ತೆ.

ಆಪ್ ಎಲ್ಲ ಇದೆ, ಕೊರತೆ ಏನೂ ಇಲ್ಲ. ನನಗೆ ಬೇಕಾಗಿರೋದಾದ್ರೂ ಏನು. ಯಾರಾದ್ರೂ ಮಾಡಿದ್ರೆ ಎತ್ತಬೇಕು, ಗಿರಾಕಿಗಳು ಕಳಿಸೋ ಬಟ್ಟೆ ಫೋಟೋ ನೋಡಬೇಕು. ಅಷ್ಟೆ.

ಗೋಡೆ ವಿಷಯ ಬೇಡ ಕಣೋ. ಇವರಿಗೆ ಕೈತುಂಬ ಕೆಲಸ. ಈಗೀಗ ಬಾಗಿಲ ಮೇಲಿನ ಹೆಸರು, ಗಾಡಿ ನಂಬರು, ಅಂಥ ಚಿಕ್ಕಪುಟ್ಟದ್ದೇ ಇಷ್ಟ. ನಾನಿನ್ನೂ ಇವರಿಗೆ ಹೇಳಿಲ್ಲ. ನೀನೂ ಹೇಳೋಕೆ ಹೋಗಬೇಡ. ನಿಮ್ಮವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳೋಕೆ ಹೇಳಿಬಿಡು.

ಮಧ್ಯದಲ್ಲಿ ಫೋನ್ ಬಂತು, ಎದ್ದು ಹೋಗಿದ್ದೆ. ಏನು ಬರೀತಿದ್ದೆ ಅನ್ನೋದೇ ಮರೆತುಹೋಯ್ತು. ಫೋನು ಚೆನ್ನಾಗಿದೆ.

ಅಕ್ಕ

&nbsp;

ಫೆಬ್ರವರಿ 21

ಅಕ್ಕನಿಗೆ,

ಸಭೆಗಾಗಿ ಹನ್ನೆರಡೂ ಫೋನುಗಳ ಬಳಕೆಯ ವಿವರ ಬಂದಿದೆ. ಎಷ್ಟು ಹೊತ್ತು ಆನ್ ಇತ್ತು, ಯಾವಾಗ ಚಾರ್ಜಾಯಿತು ಅಂತ. ಫೋನು ಕೊಡುವಾಗಲೇ ಒಪ್ಪಿಗೆಯ ಚೀಟಿಯಲ್ಲಿ ಇದು ಬರೆದಿತ್ತು, ನೀನು ಓದಿರಲಿಕ್ಕಿಲ್ಲ. ವಿವರ ನಂಬರಿನ ಲೆಕ್ಕದಲ್ಲಿದೆ, ಹೆಸರಿಲ್ಲ. ನಿನ್ನ ನಂಬರು ನನಗೆ ಗೊತ್ತು, ಅದೊಂದನ್ನೇ ತೆಗೆದು ನೋಡಿದೆ.

ನಿನ್ನ ಫೋನು ತಲುಪಿ ಮೂರನೇ ದಿನ ಆಫ್ ಆಗಿದೆ. ಆಮೇಲೆ ಆನ್ ಆಗಲೇ ಇಲ್ಲ.

ಬ್ಯಾಟರಿ ಯಾಕೆ ಇಳಿಯಲಿಲ್ಲ ಅಂತ ಈಗ ಗೊತ್ತಾಯಿತು. ಆಫ್ ಮಾಡಿಟ್ಟ ಫೋನಿನ ಮೇಲೆ ಬೆರಳಿನ ಗುರುತು ಬೀಳುವುದೂ ಇಲ್ಲ. ಬ್ಯಾಟರಿ ವಿಭಾಗದ ಹುಡುಗಿಯೊಬ್ಬಳು ನಿನ್ನ ಸಾಲನ್ನು ನಿಜ ಮಾಡಿ ತೋರಿಸಬೇಕು ಅಂತ ಎರಡು ವಾರದಿಂದ ಮನೆಗೆ ಸರಿಯಾಗಿ ಹೋಗಿಲ್ಲ.

ನಾನು ಯಾರಿಗೂ ಹೇಳಿಲ್ಲ. ಇದೆಲ್ಲ ಗೊತ್ತಾದ ಮರುದಿನವೂ ನಿನ್ನ ಎರಡನೇ ಕಾಗದದಿಂದ ‘ಕೊರತೆ ಏನೂ ಇಲ್ಲ’ ಅನ್ನುವುದನ್ನು ಎಲ್ಲರೆದುರು ಓದಿದೆ. ಹಾಗೆ ಓದುವಾಗ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಚೆನ್ನಾಗಿಲ್ಲ ಅಂತ ಬರೆದಿದ್ದರೆ ನನಗೆ ಬೇಜಾರಾಗುತ್ತಿರಲಿಲ್ಲ. ಮುಟ್ಟಿಯೂ ನೋಡದೆ ಹೊಗಳಿದೆಯಲ್ಲ. ನಾನು ಸೇರಿದ ಕಂಪನಿಗಳೆಲ್ಲ ಮುಳುಗುತ್ತವೆ, ಇವನ ಹತ್ತಿರ ಇದ್ದದ್ದು ಹೇಳಿ ಏನು ಪ್ರಯೋಜನ ಅಂತ ನಿಮಗಿಬ್ಬರಿಗೂ ಅನ್ನಿಸಿರಬೇಕು. ಭಾವನವರಿಗೆ ನಮ್ಮ ಗೋಡೆ ಬೇಡ, ನಿನಗೆ ನಮ್ಮ ಫೋನು ಬೇಡ. ನಾನಾದರೂ ಬೇಕೋ ಬೇಡವೋ, ಅದನ್ನು ಬರಿ.

&nbsp;

ಫೆಬ್ರವರಿ 26

ತಮ್ಮಾ,

ಇದನ್ನ ಅಂಗಡಿ ಬಾಗಿಲು ಹಾಕಿಕೊಂಡು ಬರೀತಿದೀನಿ. ಇವರಿಗೆ ಗೊತ್ತಿಲ್ಲ.

ನಿಮ್ಮ ಭಾವನಿಗೆ ಸಕ್ಕರೆ ಕಾಯಿಲೆ. ಮಾತ್ರೆಯ ಹಂತ ದಾಟಿ ಇನ್ಸುಲಿನ್‌ಗೆ ಬಂದಿದೆ. ಜಾಸ್ತಿ ಆಗೋದಕ್ಕಿಂತ ಇದ್ದಕ್ಕಿದ್ದ ಹಾಗೆ ಇಳಿದುಹೋಗೋದೇ ಭಯ. ಬೆವರು ಬರುತ್ತೆ, ಕೈ ನಡುಗುತ್ತೆ, ಆಮೇಲೆ ಎಲ್ಲಿದೀನಿ ಅನ್ನೋದೇ ತಿಳಿಯಲ್ಲ. ಹೋದ ವರ್ಷ ಹಾಗೇ ಏಣಿಯಿಂದ ಬಿದ್ದರು. ಇನ್ನೂ ಕೆಳಗಿನ ಮೆಟ್ಟಿಲಲ್ಲಿದ್ದರು, ಬಣ್ಣದ ಡಬ್ಬಿ ಮಾತ್ರ ಹೋಯ್ತು. ಇವರ ಮಣಿಕಟ್ಟು ಉಳುಕಿದೆ ಅಂತಷ್ಟೇ ನಿನಗೆ ಹೇಳಿದ್ದೆನಲ್ಲ, ಅದು ಆಗಲೇ.

ಆಮೇಲೆ ಡಾಕ್ಟರು ತೋಳಿಗೊಂದು ಬಿಲ್ಲೆ ಅಂಟಿಸಿದರು. ಕೋಟಿನ ಗುಂಡಿಯಷ್ಟು ಅಗಲ. ಅದು ಸಕ್ಕರೆ ಅಳೆದು ಇವರ ಫೋನಿಗೆ ಹೇಳುತ್ತೆ. ಇಳಿದರೆ ಇವರ ಫೋನೂ ಕೂಗುತ್ತೆ, ನನ್ನ ಫೋನೂ ಕೂಗುತ್ತೆ. ಇವರು ತಮ್ಮ ಫೋನನ್ನ ಕೆಳಗೆ ಚೀಲದಲ್ಲಿಟ್ಟು ಮೇಲೆ ಹತ್ತಿರ್ತಾರೆ, ರಸ್ತೆ ಗದ್ದಲದಲ್ಲಿ ಅದು ಕೇಳಲ್ಲ. ನನಗೆ ಕೇಳುತ್ತೆ. ಇವರ ಫೋನಿಗೇ ಮಾಡ್ತೀನಿ. ಒಂದೇ ಸಮನೆ ಬಾರಿಸಿದರೆ ಕೆಳಗೆ ಯಾರಾದರೂ ಎತ್ತಿ ಇವರನ್ನ ಕರೀತಾರೆ. ಹೀಗೇ ಒಂದು ವರ್ಷ ನಡೆದಿದೆ.

ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದಾರೆ, ನಿನಗೂ ಬೇಡ ಅಂತ. ತಲೆ ಸುತ್ತೋ ಪೇಂಟರನ್ನ ಯಾರು ಏಣಿ ಹತ್ತಿಸ್ತಾರೆ ಅನ್ನೋದು ಇವರ ಮಾತು. ಏಣಿ ಬಿಟ್ಟರೆ ನಾನು ಗೋಡೆಗೆ ಒರಗಿಸಿದ ಇನ್ನೊಂದು ಏಣಿ ಅಂತಾರೆ.

ನಿನ್ನ ಫೋನನ್ನ ಮುಟ್ಟಿಯೂ ನೋಡಲಿಲ್ಲ ಅಂತ ಬರೆದೆಯಲ್ಲ, ಅದೊಂದು ತಪ್ಪು. ನೀನು ಹೇಳಿದ ಹಾಗೇ ಸಿಮ್ ಹಾಕಿ, ಹಳೇದನ್ನ ಮನೇಲಿ ಬಿಟ್ಟು ಅಂಗಡಿಗೆ ಬಂದೆ. ಆ ಸಕ್ಕರೆ ಆಪ್ ಹುಡುಕಿದೆ, ನಿಮ್ಮಲ್ಲಿ ಇಲ್ಲ. ಸಂಜೆ ನೋಡೋಣ, ಒಂದು ದಿನಕ್ಕೆ ಏನಾಗುತ್ತೆ ಅಂದುಕೊಂಡೆ. ಅವತ್ತೇ ಮಧ್ಯಾಹ್ನ ಕಬ್ಬಿಣದಂಗಡಿ ಎದುರು ಇವರಿಗೆ ಇಳಿಯಿತು. ನಿನ್ನ ಫೋನು ನನ್ನ ಮುಂದೇನೇ ಇತ್ತು, ಸುಮ್ಮನಿತ್ತು. ಇವರ ಕುಂಚ ಕೆಳಗೆ ಬಿದ್ದಿದ್ದು ನೋಡಿ ಮಾಲೀಕರು ಓಡಿ ಬಂದು ಏಣಿ ಹಿಡಿದು, ಸೊಂಟ ಹಿಡಿದು ಇಳಿಸಿದರಂತೆ. ಬಿಸಿಲಿಗೆ ಅಂತ ಹೇಳಿ ಮುಚ್ಚಿ ಹಾಕಿದಾರೆ. ಮನೆಗೆ ಬಂದಾಗ ಕಾಲರಿನವರೆಗೂ ಶರಟು ಒದ್ದೆ.

ಅವತ್ತೇ ಅದನ್ನ ಆಫ್ ಮಾಡಿದೆ.

ಇದನ್ನೆಲ್ಲ ಬರೆದರೆ ಇವರಿಗೆ ಕೊಟ್ಟ ಮಾತು ಹೋಗುತ್ತೆ. ಚೆನ್ನಾಗಿಲ್ಲ ಅಂತ ಬರೆದರೆ ನಿನ್ನ ಕೆಲಸ ಹೋಗುತ್ತೆ. ಹೊಗಳೋದೇ ಸುಲಭ ಅನ್ನಿಸಿತು. ನೀನು ಬೇಡ ಅಂತ ಅಲ್ಲ ಕಣೋ.

ಈಗ ಒಂದು ಮಾಡ್ತೀನಿ. ಫೋನನ್ನ ಆನ್ ಮಾಡಿ ಮಷಿನ್ ಪಕ್ಕದಲ್ಲೇ ಇಡ್ತೀನಿ. ಆಗಾಗ ಒತ್ತುತ್ತೀನಿ, ದಿನಾ ಚಾರ್ಜಿಗೆ ಹಾಕ್ತೀನಿ. ಸಭೆಗೆ ಇನ್ನೂ ಸಮಯ ಇದೆ, ನಿಮ್ಮ ವಿವರದಲ್ಲಿ ಓಡಾಟ ಕಾಣುತ್ತೆ. ಸುಳ್ಳೇ ಇರಲಿ, ನಿನ್ನ ಕೆಲಸ ಉಳೀಲಿ. ಹ್ಞೂಂ ಅನ್ನು, ಇವತ್ತೇ ಶುರು ಮಾಡ್ತೀನಿ.

ಅಕ್ಕ

&nbsp;

ಮಾರ್ಚ್ 17

ಅಕ್ಕಾ,

ನಿನ್ನ ಕಾಗದ ಬಂದ ದಿನ ಫೋನ್ ಮಾಡಿ ‘ಆನ್ ಮಾಡಬೇಡ’ ಅಂದವನು ಅಷ್ಟಕ್ಕೇ ಇಟ್ಟುಬಿಟ್ಟೆ. ಉಳಿದದ್ದನ್ನು ಸಭೆ ಮುಗಿಸಿಯೇ ಬರೆಯೋಣ ಅಂತ ಕಾದೆ. ನಾನು ಹೋದ ತಿಂಗಳು ಬರೆದದ್ದಿದೆಯಲ್ಲ, ಅದನ್ನು ನಿನ್ನ ಆ ದೊಡ್ಡ ಕತ್ತರಿಯಿಂದ ಕತ್ತರಿಸಿಬಿಡು.

ಸಭೆಗೆ ಮೊದಲು ನಾವು ಹನ್ನೆರಡೂ ಜನ ಮೇಡಂ ಎದುರು ಕೂತೆವು. ಯಾರ ಫೋನು ಯಾವ ನಂಬರಿನದು ಅಂತ ಅವತ್ತು ಜೋಡಿಸಬೇಕಿತ್ತು. ಮೇಡಂ ಬಾಯಿ ತೆರೆಯುವ ಮೊದಲೇ ನಾನೆದ್ದೆ. ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

“ನಮ್ಮಕ್ಕನ ಫೋನು ಆಫ್ ಇದೆ ಮೇಡಂ. ಅವಳು ಹೊಗಳಿದ್ದು ಫೋನನ್ನಲ್ಲ, ನನ್ನನ್ನ.”

ಆಮೇಲೆ ಕಾರಣ ಹೇಳಿದೆ. ಅವರ ಮನೆಯಲ್ಲಿ ಒಬ್ಬರ ಜೀವ ಕಾಯುವ ಆಪ್ ನಮ್ಮಲ್ಲಿಲ್ಲ ಅಂತಷ್ಟೆ. ಭಾವನ ಹೆಸರು, ಕಾಯಿಲೆ, ಏಣಿ ಯಾವುದೂ ನನ್ನ ಬಾಯಿಂದ ಬರಲಿಲ್ಲ.

ಚಷ್ಮಾದವನು ಕನ್ನಡಕ ತೆಗೆದು ಒರೆಸಿದ, ಒರೆಸಿದ, ಒರೆಸುತ್ತಲೇ ತನ್ನ ಅತ್ತೆಯ ಚಿನ್ನದಂಥ ಫೋನು ಚಿನ್ನದ ಜೊತೆಗೇ ಬ್ಯಾಂಕಿನ ಲಾಕರಿನಲ್ಲಿದೆ ಅಂದ. ಆ ಎರಡನ್ನೂ ಮರೆತ ಅಣ್ಣ ಮರೆತದ್ದು ನಮ್ಮದನ್ನು, ರೈಲಿನಲ್ಲಿ. ಹಾಗೇ ಒಬ್ಬೊಬ್ಬರದೂ ಹೊರಬಂತು. ಹನ್ನೆರಡರಲ್ಲಿ ನಿಜವಾಗಿ ಬಳಕೆಯಲ್ಲಿದ್ದದ್ದು ಎರಡು. ಅದರಲ್ಲೊಂದನ್ನು ಮಗು ಬಳಸುತ್ತಿತ್ತು, ಗಿಲಕಿಯ ಹಾಗೆ. ಕೊನೆಗೆ ಎಲ್ಲರೂ ಮೇಡಂ ಮುಖ ನೋಡಿದೆವು. ಅವರ ಯಜಮಾನರು ಆರು ಪುಟ ಬರೆದಿದ್ದರಲ್ಲ, ಆ ಫೋನಿಗೆ ಇನ್ನೂ ಸಿಮ್ಮೇ ಬಿದ್ದಿಲ್ಲವಂತೆ.

“ನಮಗೆ ಗಿರಾಕಿಗಳಿಲ್ಲ, ನೆಂಟರಿದ್ದಾರೆ ಅಷ್ಟೆ,” ಅಂದರು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕೆವು, ಅಳು ಬರುವಷ್ಟು.

ಫೋನಿನ ಬಗ್ಗೆ ನಿನ್ನ ಕಾಗದದಲ್ಲಿ ನನಗೆ ಹೊಸದೇನೂ ಇರಲಿಲ್ಲ, ಅದೇ ನಾಚಿಕೆ. ಆಪ್‌ಗಳಿಲ್ಲದೆ ಯಾರೂ ಹತ್ತುವುದಿಲ್ಲ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಗಳಿಕೆ ಬರುತ್ತಿರುವಾಗ ಅದನ್ನು ಮುಂದಕ್ಕೆ ತಳ್ಳುವುದು ಹಿತವಾಗಿತ್ತು.

ಮರುದಿನ ದೊಡ್ಡವರು ಫೋನನ್ನು ಕೈಬಿಟ್ಟರು. ವಿಭಾಗ ಏಪ್ರಿಲ್ ಮೊದಲ ವಾರಕ್ಕೆ ಮುಚ್ಚುತ್ತದೆ. ಮನೆಗೆ ಹೋಗಿ ನನ್ನವಳಿಗೆ ಹೇಳಿದೆ. ಹೋದ ಸಲ ಮೂರು ವಾರ ಮುಚ್ಚಿಟ್ಟಿರಿ, ಈ ಸಲ ಅದೇ ದಿನ ಹೇಳಿದಿರಿ, ಅಷ್ಟಾದರೂ ಏಳಿಗೆ ಅಂದಳು. ಹೆದರಿದ್ದಾಳೆ. ನಾನೂ.

ಈಗ ಭಾವನವರಿಗೆ ಗೊತ್ತಾಗಲೇಬೇಕಾದ ಮಾತು. ಆ ಸಕ್ಕರೆ ಆಪ್ ಬಗ್ಗೆ ಕೂತು ಓದಿದೆ. ಅದರ ಕೂಗನ್ನು ನಿನಗೊಬ್ಬಳಿಗೇ ಅಲ್ಲ, ಇನ್ನೂ ಕೆಲವರಿಗೆ ಕಳಿಸಬಹುದು. ನೀನು ಅಳತೆ ತೆಗೆಯುತ್ತಿರುವಾಗ, ರಸ್ತೆ ದಾಟುತ್ತಿರುವಾಗ ಇನ್ನೊಂದು ಕಿವಿ ಇದ್ದರೆ ಒಳ್ಳೆಯದಲ್ಲವಾ. ಅವರು ಒಪ್ಪಿದರೆ ನನ್ನ ನಂಬರು ಸೇರಿಸು. ಅವರಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ನಿನ್ನ ಮೇಲಲ್ಲ.

ತಮ್ಮ

&nbsp;

ಮಾರ್ಚ್ 24

ನನ್ನ ಭಾವಮೈದುನನಿಗೆ,

ನಾನು ಬೋರ್ಡು ಬರೆಯುವವನು, ಕಾಗದ ಬರೆದು ರೂಢಿಯಿಲ್ಲ. ಅಕ್ಷರ ದೊಡ್ಡದಾದರೆ ಸಹಿಸಿಕೊ.

ನಿನ್ನ ಕಾಗದವನ್ನು ನಿನ್ನ ಅಕ್ಕ ನನ್ನ ಎದುರಿಗಿಟ್ಟು ಒಳಗೆ ಹೋದಳು. ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ. ಮೂರನೇ ದಿನ ಅವಳೂ ಬಿಟ್ಟಳು. ಆಗ ನನಗೆ ಕಷ್ಟವಾಯಿತು.

ನೀನು ಕೆಲಸ ಕಳೆದುಕೊಂಡೂ ನನ್ನ ಹೆಸರು ಹೇಳಲಿಲ್ಲ. ಅದನ್ನು ಓದಿದ ಮೇಲೆ ಸಿಟ್ಟು ಮಾಡುವುದಕ್ಕೆ ಜಾಗ ಉಳಿಯಲಿಲ್ಲ. ಕಬ್ಬಿಣದಂಗಡಿಯವರಿಗೆ ನಾನೇ ಹೋಗಿ ನಿಜ ಹೇಳಿದೆ. ಅವರು ಬೇರೆ ಪೇಂಟರನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಜನವರಿಯಿಂದ ಅರ್ಧಕ್ಕೇ ನಿಂತಿರುವ ಬೋರ್ಡಿಗೆ ಬೇರೆ ಕೈ ಹಾಕಿಸಿದರೆ ಎರಡು ಕೈ ಕಾಣುತ್ತದೆ, ನೀವೇ ಮುಗಿಸಿ, ನಾನು ಏಣಿ ಹಿಡಿಯುತ್ತೇನೆ ಅಂದರು. ಅವರು ಹಿಡಿಯುವ ಜೋರಿಗೆ ಏಣಿಯೇ ಅಲ್ಲಾಡುತ್ತದೆ. ಸುಮ್ಮನಿದ್ದೇನೆ.

ನಿಮ್ಮ ಫೋನಿನ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆನ್ ಮಾಡಿ ಅಕ್ಷರ ನೋಡಿದೆ. ಒಳ್ಳೆಯ ಅಕ್ಷರ, ಒತ್ತು ಸರಿಯಾಗಿ ಕೂತಿದೆ, ಸಾಲಿಗೆ ಉಸಿರಾಡಲು ಜಾಗ ಬಿಟ್ಟಿದ್ದಾರೆ. ಬರೆದವರು ಯಾರೋ ಕಸುಬು ಬಲ್ಲವರು. ಅವರ ಕೆಲಸವೂ ಹೋಯಿತೇ?

ನಿನ್ನ ನಂಬರು ಸೇರಿಸಿದ್ದೇವೆ. ಆದರೆ ಒಂದು ತೊಡಕು. ನಿನ್ನ ಜೇಬಿನಲ್ಲಿರುವುದು ನಿಮ್ಮ ಫೋನೇ. ಅದರಲ್ಲಿ ನನ್ನ ಕೂಗು ಕೇಳುವುದಿಲ್ಲ.

ನಿನ್ನ ಭಾವ

&nbsp;

ಏಪ್ರಿಲ್ 4

ಅಕ್ಕಾ,

ಇವತ್ತು ಆಫೀಸಿನಲ್ಲಿ ಕೊನೆಯ ದಿನ. ಭಾವನವರ ಕಾಗದ ಬಂದ ಮರುದಿನವೇ ಅಂಗಡಿಗೆ ಹೋಗಿ ಒಂದು ಫೋನು ತಂದೆ, ಆ ಎರಡು ಮನೆತನದಲ್ಲಿ ಒಂದರದ್ದು. ಇಷ್ಟು ವರ್ಷ ಬೈದ ಫೋನನ್ನು ಕೈಯಲ್ಲಿ ಹಿಡಿದು ಆಫೀಸಿಗೆ ಹೋದಾಗ ಬಾಗಿಲ ಕಾವಲಿನವನು ನನ್ನನ್ನೂ ಫೋನನ್ನೂ ನೋಡಿ, ಎಲ್ಲರಿಗಿಂತ ಮೊದಲು ನೀವೇ ಆ ಕಡೆ ಹೋಗಿಬಿಟ್ಟಿರಾ ಸಾರ್ ಅಂದ. ನಮ್ಮ ಫೋನಿನ ಅಕ್ಷರ ಬರೆದವಳಿಗೆ ಭಾವನವರ ಮಾತು ಓದಿ ಹೇಳಿದೆ. ಆ ಪುಟ ಕೇಳಿದಳು, ಕೊಟ್ಟೆ. ಭಾವ ಬೇಜಾರು ಮಾಡಿಕೊಳ್ಳುವುದು ಬೇಡ.

ಮಧ್ಯಾಹ್ನ ಮೇಜು ಖಾಲಿ ಮಾಡುತ್ತಿದ್ದೆ. ಮೇಡಂ, ಚಷ್ಮಾದವನು, ಎಲ್ಲರೂ ಅಲ್ಲೇ ಇದ್ದರು. ಹೊಸ ಫೋನು ಕೂಗಿತು. ಅಂಥ ಕೂಗು ನಾನು ಕೇಳಿರಲಿಲ್ಲ. ಕೈಲಿದ್ದದ್ದನ್ನೆಲ್ಲ ಕೆಳಗೆ ಹಾಕಿ ಭಾವನಿಗೆ ಮಾಡಿದೆ. ಚೀಲದಿಂದ ಎತ್ತಿದವರು ಅಂಗಡಿಯ ಮಾಲೀಕರು; ಭಾವನ ಕಿವಿಗೇ ಕೊಡಿ ಅಂದೆ.

“ಇನ್ನು ಎರಡೇ ಅಕ್ಷರ ಕಣೋ.”

“ಇಳೀರಿ ಭಾವ.”

“ಬಣ್ಣ ಒಣಗುತ್ತೆ.”

“ಒಣಗಲಿ. ಇಳೀರಿ.”

ಒಂದೊಂದೇ ಮೆಟ್ಟಿಲಿನ ಸದ್ದು ಕೇಳಿತು. ಆಮೇಲೆ ಏನೋ ಕಾಗದ ಬಿಚ್ಚಿದ ಸದ್ದು, ಪೆಪ್ಪರಮೆಂಟು ಕಡಿದ ಸದ್ದು. ಬಾಯಿ ತುಂಬಿಕೊಂಡೇ ನನಗೊಂದಿಷ್ಟು ಬೈದರು. ಧ್ವನಿ ನೆಟ್ಟಗಾಗುವವರೆಗೂ ಬೈಸಿಕೊಂಡೆ. ಇಟ್ಟು ತಿರುಗಿದರೆ ಇಡೀ ವಿಭಾಗ ಕೆಲಸ ಬಿಟ್ಟು ನನ್ನ ಸುತ್ತ ನಿಂತಿತ್ತು. ಮೇಡಂ, ನಾನು ಕೆಳಗೆ ಹಾಕಿದ್ದನ್ನು ಹೆಕ್ಕಿ ಪೆಟ್ಟಿಗೆಗೆ ತುಂಬಿಕೊಟ್ಟರು.

ಆ ಹೊತ್ತಿಗೆ ನೀನೂ ಭಾವನಿಗೆ ಮೇಲಿಂದ ಮೇಲೆ ಮಾಡಿದೆಯಂತೆ, ಲೈನು ಬಿಜಿ ಬಂತಂತೆ, ಸೂಜಿ ಬಟ್ಟೆಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿ ಹೋದೆಯಂತೆ. ಇನ್ನು ಮೇಲೆ ಹಾಗೆ ಓಡಬೇಡ. ಬಿಜಿ ಬಂದರೆ ನಾನು ಮಾತಾಡುತ್ತಿದ್ದೇನೆ ಅಂತ ತಿಳಿದುಕೊ.

ತಮ್ಮ